ದುರಸ್ತಿಯ ದಫ್ತರಕ್ಕೊಂದು ವಿಳಾಸ ಬೇಕು: ವಿಜಯಪುರ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಇದೇ ಊರಿನ ಒಬ್ಬ ನಿವೃತ್ತ ಶಾಲಾ ಶಿಕ್ಷಕಿಯ ನಮಸ್ಕಾರಗಳು.

ಹೋದ ವರ್ಷ ಶ್ರಾವಣದಲ್ಲಿ ಒಂದು ಮಧ್ಯಾಹ್ನ, ಮನೆಯಲ್ಲಿ ಕೂಡಿಬಿದ್ದ ಹಳೇ ಪೇಪರುಗಳನ್ನು ರದ್ದಿ ಅಂಗಡಿಗೆ ಹಾಕಲು ಹೋಗಿದ್ದೆ. ನನಗಿಂತ ಮೊದಲೇ ಒಂದು ಟಂಟಂ ಬಂದು ನಿಂತಿತ್ತು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳನ್ನು ಅದರಿಂದ ಇಳಿಸಿ ತಕ್ಕಡಿಗೆ ಹಾಕುತ್ತಿದ್ದರು. ಒಂದು ಗಂಟಿನ ಬಟ್ಟೆ ಹಿಸಿದು ಹಾಳೆಗಳು ನೆಲದ ತುಂಬ ಚೆಲ್ಲಿದವು. ಆಯ್ದುಕೊಡಲು ನಾನೂ ಬಗ್ಗಿದೆ. ಕೈಗೆ ಬಂದದ್ದು ಒಂದು ನೀಲಿ ನಕ್ಷೆ. ಬಾವಡಿಯ, ಅಂದರೆ ಇಳಿದು ಹೋಗುವ ಹಳೇ ಬಾವಿಯ ಮೆಟ್ಟಿಲುಗಳು, ಮೇಲೊಂದು ಕಮಾನು, ಕಮಾನಿನ ಎಡಗಡೆ ಬುಡದಲ್ಲಿ ಕೆಂಪು ಪೆನ್ಸಿಲ್ಲಿನ ಒಂದು ಸುತ್ತು. ಎಷ್ಟು ಕಲ್ಲು ತೆಗೆದರು, ಎಷ್ಟು ಹೊಸ ಕಲ್ಲು ಕೂಡಿಸಿದರು ಎಂಬುದನ್ನು ಯಾರೋ ಓವರ್‌ಸಿಯರ್ ಆ ಸುತ್ತಿನ ಪಕ್ಕ ಸಣ್ಣ ಅಕ್ಷರಗಳಲ್ಲಿ ಬರೆದಿಟ್ಟಿದ್ದರು. ನಕ್ಷೆಯ ಹಿಂದೆ ಹಾಜರಿ ಪಟ್ಟಿ. ಗೌಂಡಿಗಳ ಹೆಸರು, ಒಂದೊಂದು ಹೆಸರಿನ ಮುಂದೆ ಹೆಬ್ಬೆಟ್ಟು. ಶಾಯಿ ಕಂದಿತ್ತು, ಆದರೂ ಬೆರಳಿನ ಗೆರೆಗಳನ್ನು ಎಣಿಸಬಹುದಿತ್ತು.

ನಮ್ಮಪ್ಪನೂ ಗೌಂಡಿ. ಈ ಊರಿನ ಹಳೇ ಕಟ್ಟಡಗಳ ದುರಸ್ತಿಗೆ ದಿನಗೂಲಿಯ ಮೇಲೆ ಹೋಗುತ್ತಿದ್ದ. ಅಂಗಡಿಯ ನೆಲದ ಮೇಲೆ ಕೂತು ಆ ಪಟ್ಟಿಯಲ್ಲಿ ಅವನ ಹೆಸರಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಅಷ್ಟರಲ್ಲಿ ಉಳಿದ ಗಂಟುಗಳೆಲ್ಲ ತೂಕವಾಗಿ ಹಿಂದಿನ ಗೋದಾಮಿಗೆ ಹೋಗಿದ್ದವು. ನನಗೆ ದಕ್ಕಿದ್ದು ಆ ಒಂದು ಗಂಟು. ಅಂಗಡಿಯವರು ಒಳ್ಳೆಯವರು, "ಒಯ್ಯಿರಿ ಟೀಚರ್, ರೊಕ್ಕ ಬ್ಯಾಡ" ಅಂದರು.

ಅದು ಯಾವ ಕಚೇರಿಯಿಂದ ಬಂತು ಎಂದು ಇಲ್ಲಿ ಬರೆಯುವುದಿಲ್ಲ. ಒಬ್ಬ ಗುಮಾಸ್ತರ ಕುತ್ತಿಗೆಗೆ ಇದನ್ನು ಕಟ್ಟುವ ಉದ್ದೇಶ ನನಗಿಲ್ಲ. ಕೋಣೆ ಖಾಲಿ ಮಾಡು ಎಂದು ಮೇಲಿನವರು ಹೇಳಿರುತ್ತಾರೆ. ಇದನ್ನು ಎಲ್ಲಿ ಇಡಲಿ ಎಂದು ಅವರು ಕೇಳಿದ್ದರೆ ತೋರಿಸಲು ಈ ಜಿಲ್ಲೆಯಲ್ಲಿ ಒಂದು ಜಾಗವಿಲ್ಲ. ಆ ಜಾಗವನ್ನು ಕೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಎಲ್ಲರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಈ ಜಾಗ ತುಂಬಬೇಕಾದರೆ ಊರಿನ ಮನೆ ಮನೆಯಿಂದ ಕಾಗದ ಬರಬೇಕು.

ಹಳೆಯ ಕಟ್ಟಡ ಕಟ್ಟಿದವರ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಅದನ್ನು ಬೀಳದಂತೆ ಹಿಡಿದವರ ಬಗ್ಗೆ ಒಂದು ಹಾಳೆಯೂ ಸಿಗುವುದಿಲ್ಲ. ಗೋಳಗುಮ್ಮಟದ ಕೆಳಗೆ ಮಲಗಿರುವ ಮೊಹಮ್ಮದ್ ಆದಿಲ್ ಶಾಹ 1656ರಲ್ಲಿ ತೀರಿಕೊಂಡ. ಅಲ್ಲಿಂದ ಇಲ್ಲಿಯವರೆಗೆ ಮೂರೂವರೆ ಶತಮಾನಕ್ಕೂ ಮಿಕ್ಕಿ ಆ ಗುಮ್ಮಟ ನಿಂತಿದೆ. ಒಳವ್ಯಾಸ ಸುಮಾರು 38 ಮೀಟರ್, ನಡುವೆ ಒಂದು ಕಂಬವಿಲ್ಲ. ಒಂದರೊಳಗೊಂದು ಹಾದುಹೋಗುವ ಎಂಟು ಕಮಾನುಗಳು ಕೆಳಗಿನ ಚೌಕವನ್ನು ಮೇಲಿನ ವೃತ್ತಕ್ಕೆ ತಂದು ಸೇರಿಸುತ್ತವೆ. ಮೇಲಿನದೆಲ್ಲ ಇಟ್ಟಿಗೆ, ಇಟ್ಟಿಗೆಯ ನಡುವೆ ಸುಣ್ಣದ ಗಾರೆಯ ದಪ್ಪ ಪದರ. ಇಷ್ಟನ್ನು ಪ್ರವಾಸಿಗರಿಗೆ ಗೈಡುಗಳು ಬಾಯಿಪಾಠದಂತೆ ಹೇಳುತ್ತಾರೆ. ಯಾವ ವರ್ಷ ಯಾವ ಮೂಲೆಯಲ್ಲಿ ಬಿರುಕು ಕಂಡಿತು, ಅದಕ್ಕೆ ಏನು ತುಂಬಿದರು, ತುಂಬಿದ್ದು ನಿಂತಿತೋ ಮತ್ತೆ ಬಿಟ್ಟಿತೋ ಎಂದು ಶಾಲೆಯ ಹುಡುಗಿಯೊಬ್ಬಳು ಕೇಳಿದರೆ ಊರಿನಲ್ಲಿ ಉತ್ತರ ಹುಡುಕಲು ಒಂದು ಬಾಗಿಲಿಲ್ಲ. ಈ ಪ್ರಶ್ನೆ ನನ್ನ ತರಗತಿಯಲ್ಲೇ ಬಂದಿತ್ತು. "ಟೀಚರ್, ಈ ಪಟ್ಟಿ ಯಾಕ ಬ್ಯಾರೆ ಬಣ್ಣದ್ದೈತಿ?" ಎಂದು ಒಬ್ಬಳು ಒಂದು ಗೋಡೆಗೆ ಬೆರಳು ತೋರಿಸಿದ್ದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಬೇರೆ ಬಣ್ಣದ ಪಟ್ಟಿ ಬರೀ ಕಣ್ಣಿಗೆ ಕಾಣುವ ವಿಷಯವಲ್ಲ, ಸಾಹೇಬರೇ. ಸುಣ್ಣದ ಗಚ್ಚಿನಲ್ಲಿ ಕಟ್ಟಿದ ಗೋಡೆಗೆ ಯಾರಾದರೂ ಸಿಮೆಂಟಿನ ತೇಪೆ ಹಾಕಿದರೆ ಮಳೆಗಾಲದಲ್ಲಿ ಒಳಗೆ ಸೇರಿದ ತೇವಕ್ಕೆ ಅಲ್ಲಿ ಹೊರಬರಲು ದಾರಿ ಇರುವುದಿಲ್ಲ. ಅದು ಪಕ್ಕದ ಮೆತ್ತನೆಯ ಗಾರೆಯಲ್ಲಿ, ಕಲ್ಲಿನಲ್ಲಿ ದಾರಿ ಹುಡುಕುತ್ತದೆ. ಬರುವಾಗ ಉಪ್ಪನ್ನು ಹೊತ್ತು ತರುತ್ತದೆ. ಉಪ್ಪು ಹರಳುಗಟ್ಟಿದಾಗ ಕಲ್ಲಿನ ಮೇಲ್ಮೈ ಹಕ್ಕಳೆಯಾಗಿ ಉದುರುತ್ತದೆ. ತೇಪೆ ಗಟ್ಟಿಯಾಗಿ ನಿಂತಿರುತ್ತದೆ, ಅದರ ಸುತ್ತಲಿನ ಹಳೇ ಗೋಡೆ ಸವೆಯುತ್ತದೆ. ಮುಂದೆ ಬರುವ ಎಂಜಿನಿಯರಿಗೆ ಈ ರೋಗದ ಮೂಲ ತಿಳಿಯಬೇಕಾದರೆ ಹಿಂದಿನವರು ಯಾವ ವರ್ಷ, ಯಾವ ಪಾಕದಲ್ಲಿ, ಎಷ್ಟು ಆಳಕ್ಕೆ ತುಂಬಿದರು ಎಂಬುದು ಗೊತ್ತಿರಬೇಕು. ಅದು ಬರೆದಿಟ್ಟ ಹಾಳೆ ರದ್ದಿಗೆ ಹೋಗಿದ್ದರೆ ಅವರು ಗೋಡೆಯನ್ನೇ ಕೆದಕಿ ನೋಡಬೇಕಾಗುತ್ತದೆ. ಹಾಳೆ ಉಳಿಸದ್ದಕ್ಕೆ ಗೋಡೆಗೆ ಪೆಟ್ಟು.

ನಮ್ಮಪ್ಪ ಗಚ್ಚು ಮಾಡುವುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಸುಟ್ಟ ಸುಣ್ಣದ ಕಲ್ಲನ್ನು ಹೊಂಡಕ್ಕೆ ಹಾಕಿ, ನೀರು ಬಿಟ್ಟು ಅರಳಿಸಿ, ವಾರಗಟ್ಟಲೆ ಕೊಳೆಯಲು ಬಿಡುತ್ತಿದ್ದರು. ಆಮೇಲೆ ಮರಳು, ಇಟ್ಟಿಗೆ ಪುಡಿ ಸೇರಿಸಿ ಎತ್ತು ಕಟ್ಟಿದ ಗಾಣದಲ್ಲಿ ಅರೆಯುವುದು. ಕಲ್ಲಿನ ಗಾಲಿ ಗುಂಡನೆಯ ಕಾಲುವೆಯಲ್ಲಿ ತಿರುಗುತ್ತ ತಿರುಗುತ್ತ ಗಾರೆ ಬೆಣ್ಣೆಯಂತಾಗುತ್ತಿತ್ತು. ಕೆಲವು ಕೆಲಸಕ್ಕೆ ಬೆಲ್ಲದ ನೀರು, ಕೆಲವಕ್ಕೆ ಅಳಲೆಕಾಯಿ ನೆನೆಸಿದ ನೀರು. ಯಾವುದಕ್ಕೆ ಯಾವುದು ಎಂದು ಅವನಿಗೆ ಗೊತ್ತಿತ್ತು. "ಅವಸರ ಮಾಡಿದ್ರ ಗಚ್ಚ ಸಿಟ್ಟಾಗತೈತಿ ಯವ್ವಾ" ಎನ್ನುತ್ತಿದ್ದ. ಅಕ್ಷರ ಅವನಿಗೆ ಅಷ್ಟಕ್ಕಷ್ಟೇ, ಅಂಕಿ ಬರುತ್ತಿತ್ತು. ಬೀಜದ ಅಂಗಡಿಯವರು ಕೊಟ್ಟ ಒಂದು ಪುಟ್ಟ ಡೈರಿಯಲ್ಲಿ ಲೆಕ್ಕ ಇಟ್ಟಿದ್ದ. ಸುಣ್ಣದ ಬುಟ್ಟಿಗೊಂದು ಗೆರೆ, ಮರಳಿನ ಬುಟ್ಟಿಗೊಂದು ಚುಕ್ಕೆ, ಗಾಣದ ಸುತ್ತಿಗೊಂದು ಸೊನ್ನೆ. ಆ ಡೈರಿ ಈಗಲೂ ನನ್ನ ಹತ್ತಿರವಿದೆ. ಪುಟ ಪುಟಗಳಲ್ಲಿ ಗೆರೆ, ಚುಕ್ಕೆ, ಸೊನ್ನೆ. ಯಾವ ಪುಟ ಯಾವ ಗೋಡೆಯದು ಎಂದು ನನಗೆ ತಿಳಿಯುವುದಿಲ್ಲ. ಕೇಳಬೇಕಾಗಿದ್ದ ದಿನಗಳಲ್ಲಿ ನಾನು ಬಿ.ಎಡ್ ಓದುತ್ತಿದ್ದೆ, ಅಪ್ಪನ ಸುಣ್ಣದ ಲೆಕ್ಕ ಒಂದು ದಿನ ಬೇಕಾದೀತು ಎಂಬ ಯೋಚನೆಯೇ ಬರಲಿಲ್ಲ. ಈ ಸಂಕಟ ನನ್ನೊಬ್ಬಳದಲ್ಲ. ಊರಿನ ಗೌಂಡಿ ಓಣಿಗಳಲ್ಲಿ ಇಂಥ ಡೈರಿಗಳು ಇನ್ನೂ ಇವೆ, ಅವುಗಳನ್ನು ಓದಿ ಹೇಳಬಲ್ಲ ಮುದುಕರು ಕೆಲವರು ಇನ್ನೂ ಇದ್ದಾರೆ.

ಈಗ ಇಬ್ರಾಹಿಂ ರೋಜಾಕ್ಕೆ ಬನ್ನಿ. ಎರಡನೆಯ ಇಬ್ರಾಹಿಂ ಆದಿಲ್ ಶಾಹ ಮತ್ತು ಅವನ ರಾಣಿ ತಾಜ್ ಸುಲ್ತಾನಾ ಮಲಗಿರುವ ಜಾಗ. ಅದರ ಗೋಡೆಯ ಮೇಲಿನ ಪರ್ಶಿಯನ್ ಬರಹದಲ್ಲಿ ಕೆಲಸ ಮಾಡಿಸಿದ ಮಲಿಕ್ ಸಂದಲನ ಹೆಸರಿದೆ, ಖರ್ಚಾದ ಹಣದ ಲೆಕ್ಕವಿದೆ. ಒಂದೂವರೆ ಲಕ್ಷವನ್ನು ಮೀರಿದ ಹೊನ್ನು. ನಾನು ಇದನ್ನು ಮೊದಲ ಸಲ ತಿಳಿದಾಗ ಬಹಳ ಹೊತ್ತು ಅಲ್ಲೇ ಕೂತಿದ್ದೆ. ರಾಣಿಯ ಸಮಾಧಿಯ ಗೋಡೆಯ ಮೇಲೆ ಖರ್ಚಿನ ಬಾಬತ್ತು! ಕೆಲಸ ಯಾರದು, ಹಣ ಎಷ್ಟು ಹೋಯಿತು ಎಂದು ನಾಲ್ಕು ನೂರು ವರ್ಷ ಹಿಂದಿನವರು ಕಟ್ಟಡದ ಮೈಮೇಲೇ ಕೆತ್ತಿಸಿ ಹೋದರು. ಅದೇ ಕಟ್ಟಡಕ್ಕೆ ನಮ್ಮ ಕಾಲದಲ್ಲಿ ಆದ ಕೆಲಸದ ಲೆಕ್ಕವನ್ನು ಈ ಊರಿನಲ್ಲಿ ಕೂತು ನೋಡಬೇಕೆಂದರೆ ಎಲ್ಲಿ ಕೂರಬೇಕು?

ರದ್ದಿಯ ಮಾತು ಬಂದಾಗ ನಮ್ಮೂರಿನವರಿಗೆ ಮಲಿಕ್-ಎ-ಮೈದಾನದ ಕಥೆ ನೆನಪಾಗದೆ ಇರದು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಆ ತೋಪನ್ನು 1854ರಲ್ಲಿ ಸರಕಾರವೇ ಹರಾಜಿಗೆ ಇಟ್ಟಿತ್ತು. ಬೇಡದ ಸಾಮಾನಿನ ಪಟ್ಟಿಯಲ್ಲಿ ಅದೂ ಸೇರಿತ್ತು. ಸವಾಲು ಏರಿದ್ದು 150 ರೂಪಾಯಿಗೆ. ಕೊನೆಯ ಗಳಿಗೆಯಲ್ಲಿ ಹರಾಜು ರದ್ದಾಯಿತು, ತೋಪು ಶೆರ್ಜಾ ಬುರುಜಿನ ಮೇಲೆ ಉಳಿಯಿತು. ಕಾಗದಕ್ಕೆ ಆ ಅದೃಷ್ಟ ಇಲ್ಲ. ತೋಪು ಹರಾಜಾದರೆ ಊರೆಲ್ಲ ನೋಡುತ್ತದೆ, ಗಂಟು ರದ್ದಿಗೆ ಹೋದರೆ ತಕ್ಕಡಿಯವನಿಗೆ ಮಾತ್ರ ಗೊತ್ತು.

ನಮ್ಮೂರಿನ ಕಲ್ಲು ಇಲ್ಲೇ ಉಳಿದವು, ಕಾಗದ ಮಾತ್ರ ಊರು ಬಿಡುತ್ತಲೇ ಬಂದಿದೆ. ಅಸಾರ್ ಮಹಲಿನಲ್ಲಿದ್ದ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಬ್ರಿಟಿಷರು ಹಳೆಯ ಮಹಲುಗಳನ್ನೇ ದುರಸ್ತಿ ಮಾಡಿ ಕಚೇರಿ, ಬಂಗಲೆ ಮಾಡಿಕೊಂಡರು. ಒಂದು ಮಸೀದಿ ಡಾಕ್ ಬಂಗಲೆಯಾಗಿತ್ತು, ಇನ್ನೊಂದರಲ್ಲಿ ಅಂಚೆ ಕಚೇರಿ ಇತ್ತು. ಲಾರ್ಡ್ ಕರ್ಜನ್ ವೈಸ್‌ರಾಯ್ ಆಗಿ ಬಂದ ಮೇಲೆ ಅವನ್ನು ಖಾಲಿ ಮಾಡಿಸಿದರು. ಮಹಲು ಕಚೇರಿಯಾಗುವಾಗ ಯಾವ ಗೋಡೆ ಒಡೆದರು, ಕಚೇರಿ ಮತ್ತೆ ಮಹಲಾಗುವಾಗ ಯಾವುದನ್ನು ಮುಚ್ಚಿದರು ಎಂಬುದೆಲ್ಲ ಲೋಕೋಪಯೋಗಿ ಇಲಾಖೆಯ ಅಂದಿನ ಪತ್ರಗಳಲ್ಲಿ ಇರಬೇಕು. ಅಂದು ನಾವು ಮುಂಬಯಿ ಪ್ರಾಂತ್ಯದವರು, ಹಾಗಾಗಿ ಆ ಕಾಲದ ಸಚಿವಾಲಯದ ದಾಖಲೆಗಳನ್ನು ನೋಡಲು ಮುಂಬಯಿಯ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅಲ್ಲಿಂದ ಮುಂದಿನದಕ್ಕೆ ಬೆಂಗಳೂರು, ಮೈಸೂರು. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯದಾದರೆ ಧಾರವಾಡ ವಲಯ ಕಚೇರಿ, ದಿಲ್ಲಿ. ಐದು ಊರು ತಿರುಗಿ ಒಂದು ಗೋಡೆಯ ಕಥೆ ಕೂಡಿಸುವಷ್ಟು ಹಣ, ಪುರುಸೊತ್ತು ನಮ್ಮ ಜಿಲ್ಲೆಯ ಯಾವ ಎಂ.ಎ. ವಿದ್ಯಾರ್ಥಿಗೆ ಇದೆ?

ಇಷ್ಟೆಲ್ಲದರ ನಡುವೆ ಒಬ್ಬರ ಕೆಲಸವನ್ನು ನೆನೆಯಬೇಕು. ಬ್ರಿಟಿಷರ ಕಾಲದ ಪುರಾತತ್ವ ಅಧಿಕಾರಿ ಹೆನ್ರಿ ಕಸೆನ್ಸ್ ಈ ಊರಿನ ಕಟ್ಟಡಗಳನ್ನು ಅಳೆದು, ನಕ್ಷೆ ತೆಗೆದು, ಫೋಟೋ ಹಿಡಿದು 1916ರಲ್ಲಿ ದೊಡ್ಡ ಗ್ರಂಥವಾಗಿ ಅಚ್ಚು ಹಾಕಿಸಿದರು. ನೂರು ವರ್ಷ ದಾಟಿದರೂ ಒಂದು ಮಿನಾರಿನ ಮೊದಲಿನ ರೂಪ ಹೇಗಿತ್ತು ಎಂದು ತಿಳಿಯಬೇಕಾದಾಗ ಎಲ್ಲರೂ ತಿರುವುವುದು ಆ ಪುಟಗಳನ್ನೇ. ಒಬ್ಬ ಮನುಷ್ಯ ಕೆಲವು ವರ್ಷ ಕೂತು ಬರೆದದ್ದು ಇಷ್ಟು ತಲೆಮಾರಿಗೆ ಬಂತು. ಅವರ ಬಳಿಕದ ನೂರು ವರ್ಷಗಳಲ್ಲಿ ಈ ಕಟ್ಟಡಗಳಿಗೆ ಆದ ಕೆಲಸವನ್ನು ಹಾಗೆ ಒಂದು ಕಡೆ ಕೂಡಿಸಿದ್ದು ನಮ್ಮ ಊರಿನಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ನೀವು ಕೇಳಬಹುದು: ಗೋಳಗುಮ್ಮಟ, ರೋಜಾ, ಜುಮ್ಮಾ ಮಸೀದಿ ಇವೆಲ್ಲ ಕೇಂದ್ರದ ಇಲಾಖೆಯ ವಶದಲ್ಲಿವೆ, ಜಿಲ್ಲಾಡಳಿತ ಏನು ಮಾಡೀತು? ನಿಜ. ಅವರ ಕಡತಗಳ ಮೇಲೆ ನಿಮಗೆ ಅಧಿಕಾರವಿಲ್ಲ. ನಾನು ಕೇಳುತ್ತಿರುವುದು ಮೂಲ ಕಡತವನ್ನಲ್ಲ, ಅದರ ಒಂದು ಪ್ರತಿ. ಕೆಲಸದ ಮೊದಲು, ನಡುವೆ, ನಂತರ ದಾಖಲೆ ಇಡಬೇಕೆಂದು ಅವರ 2014ರ ರಾಷ್ಟ್ರೀಯ ಸಂರಕ್ಷಣಾ ನೀತಿಯೇ ಹೇಳುತ್ತದೆ. ಕೇಂದ್ರ ಕಚೇರಿಗಳು ದಾಖಲೆ ನಾಶ ಮಾಡುವುದಕ್ಕೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಕಟ್ಟುಪಾಡಿದೆ. 1892ಕ್ಕಿಂತ ಹಿಂದಿನ ಹಾಳೆಯನ್ನಂತೂ, ಅದು ಉಪಯೋಗಕ್ಕೇ ಬಾರದಷ್ಟು ಹಾಳಾಗಿದೆ ಎಂದು ಪತ್ರಾಗಾರದ ಮುಖ್ಯಸ್ಥರು ಹೇಳುವ ತನಕ ಮುಟ್ಟುವಂತಿಲ್ಲ. ಆ 1892ರಲ್ಲೇ ಗೋಳಗುಮ್ಮಟದ ಮುಂದಿನ ನಗಾರಖಾನೆಯ ಮ್ಯೂಸಿಯಂ ಹುಟ್ಟಿದ್ದು. ಊರಿನ ಚೂರುಗಳು ಊರಲ್ಲೇ ಇರಬೇಕೆಂದು ಅಂದೇ ಯಾರಿಗೋ ಅನ್ನಿಸಿತ್ತು. ಕಲ್ಲಿಗೆ, ಶಾಸನಕ್ಕೆ, ಗಾಜಿಗೆ ಆ ಜಾಗ ಸಿಕ್ಕಿತು. ದುರಸ್ತಿಯ ಕಾಗದಕ್ಕೆ ಸಿಗಲಿಲ್ಲ.

ಇನ್ನು ಸಂರಕ್ಷಿತ ಪಟ್ಟಿಯಲ್ಲಿ ಇಲ್ಲದ ಕಟ್ಟಡಗಳು. ನನ್ನ ನಿಜವಾದ ಭಯ ಇರುವುದು ಇಲ್ಲಿ. ಹಳ್ಳಿಯ ಅಗಸಿ, ಹುಡೇವು, ವಾಡೆ, ಮಠ, ದರ್ಗಾ, ಸಣ್ಣ ಸಣ್ಣ ಬಾವಡಿ, ಗುಡಿ. ಇವುಗಳ ದುರಸ್ತಿ ಗ್ರಾಮಸ್ಥರ ವರ್ಗಣಿಯಿಂದ, ಶಾಸಕರ ಅನುದಾನದಿಂದ, ಕೆಲವೊಮ್ಮೆ ದೂರದಲ್ಲಿರುವ ಭಕ್ತರ ಹಣದಿಂದ ಆಗುತ್ತದೆ. ಶ್ರದ್ಧೆಯಿಂದಲೇ ಮಾಡಿಸುತ್ತಾರೆ. ಹಳೇ ತೊಲೆ ತೆಗೆದು ಕಬ್ಬಿಣದ ಗರ್ಡರು ಹಾಕಿದರು, ಕೆತ್ತಿದ ಬಾಗಿಲುವಾಡ ಯಾರಿಗೋ ಮಾರಿದರು, ಶಾಸನದ ಕಲ್ಲಿನ ಮೇಲೆ ಟೈಲ್ಸ್ ಬಂತು. ಹತ್ತು ವರ್ಷದ ಮೇಲೆ ಅಲ್ಲಿ ಶಾಸನವಿತ್ತು ಎಂದು ಹೇಳುವವರೂ ಇರುವುದಿಲ್ಲ. ಕೆಲಸ ಶುರು ಮಾಡುವ ಮುನ್ನ ನಾಲ್ಕು ಫೋಟೋ, ಒಂದು ಹಾಳೆಯ ಟಿಪ್ಪಣಿ ಇದ್ದಿದ್ದರೆ ಆ ಊರಿನ ಮಕ್ಕಳಿಗೆ ಅಷ್ಟಾದರೂ ಉಳಿಯುತ್ತಿತ್ತು. ಐಹೊಳೆಯ ಲಾಡಖಾನ ಗುಡಿಯನ್ನು ನೋಡಿ. ಗುಡಿಯಲ್ಲಿ ವಾಸವಿದ್ದವರ ಹೆಸರೇ ಗುಡಿಗೆ ನಿಂತಿತು. ಆ ಮನೆವಾರ್ತೆ ಹೇಗಿತ್ತು, ಒಲೆ ಎಲ್ಲಿತ್ತು, ಖಾಲಿ ಮಾಡಿಸಿದ ಮೇಲೆ ಗೋಡೆಯನ್ನು ಹೇಗೆ ತೊಳೆದರು ಎಂಬುದು ಅಂಥ ಗುಡಿಗಳ ಚರಿತ್ರೆಯ ಒಂದು ಅಧ್ಯಾಯವೇ ಅಲ್ಲವೇ?

ನೆರೆಯ ಬಾಗಲಕೋಟೆಯ ಹಳೇ ಪಟ್ಟಣದ ಒಂದು ಭಾಗ ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಆದರೆ ಪರಿಹಾರ ಕೊಡುವ ಮುನ್ನ ಮನೆಗಳ ಅಳತೆ ತೆಗೆದಿದ್ದಾರೆ, ಗೋಡೆ ಕಲ್ಲಿನದೋ ಮಣ್ಣಿನದೋ, ಮೇಲ್ಮುದ್ದೆಯೋ ಹಂಚೋ ಎಂದು ಬರೆದಿದ್ದಾರೆ. ಪರಿಹಾರದ ಆ ಕಡತಗಳೇ ಇವತ್ತು ಮುಳುಗಿದ ಓಣಿಗಳ ಚರಿತ್ರೆ. ಅವನ್ನು ಬರೆದವರಿಗೆ ತಾವು ಚರಿತ್ರೆ ಬರೆಯುತ್ತಿದ್ದೇವೆ ಎಂದು ಗೊತ್ತಿದ್ದಿರಲಿಕ್ಕಿಲ್ಲ. ಹಾಗೇ ಕೆಲಸದ ಅಳತೆ ಬರೆದಿಡುವ ಪಿ.ಡಬ್ಲ್ಯೂ.ಡಿ.ಯ ಎಂ.ಬಿ. ಪುಸ್ತಕ, ಟೆಂಡರಿನ ಕಾಗದ, ಗುತ್ತಿಗೆದಾರರ ಬಿಲ್ಲು, ಇವೂ ಒಂದು ದಿನ ಅಷ್ಟೇ ಬೆಲೆಯವಾಗುತ್ತವೆ.

ನೀರಿನ ವಿಷಯ ಬಿಟ್ಟರೆ ವಿಜಯಪುರದವಳಾಗಿ ತಪ್ಪಾದೀತು. ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ಊರಿಗೆ ನೀರು ಬರುತ್ತಿತ್ತು. 1651ರ ಬೇಗಂ ತಲಾಬದಿಂದ ಮಣ್ಣಿನ ಕೊಳವೆಗಳಲ್ಲಿ ಬರುತ್ತಿತ್ತು. ಅಲ್ಲಲ್ಲಿ ನಿಂತ ಗಂಜ್ ಎಂಬ ನೀರಿನ ಗೋಪುರಗಳು ನೀರಿನ ಒತ್ತಡವನ್ನು ತಡೆದು ಮುಂದಕ್ಕೆ ಬಿಡುತ್ತಿದ್ದವು. ಈ ಸುರಂಗ ಬಾವಡಿಯನ್ನು 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ ಆಯ್ದಾಗ ನಾವೆಲ್ಲ ಹೆಮ್ಮೆಪಟ್ಟೆವು. ಇತ್ತೀಚಿನ ವರ್ಷಗಳಲ್ಲಿ ತಾಜ್ ಬಾವಡಿಯೂ ಸೇರಿ ಹಲವು ಬಾವಡಿಗಳ ಹೂಳು ತೆಗೆದದ್ದು ಬಹಳ ಒಳ್ಳೆಯ ಕೆಲಸ, ಅದಕ್ಕೆ ಊರು ಋಣಿ. 1620ರಲ್ಲಿ ಮಲಿಕ್ ಸಂದಲನೇ ಕಟ್ಟಿಸಿದ ಬಾವಡಿ ಅದು. ಹೂಳಿನ ಯಾವ ಪದರದಲ್ಲಿ ಏನು ಸಿಕ್ಕಿತು, ಸೆಲೆ ಯಾವ ದಿಕ್ಕಿನಿಂದ ಬಂತು, ಯಾವ ಮೆಟ್ಟಿಲು ಸಡಿಲವಿತ್ತು ಎಂದು ಆಗ ಬರೆದುಕೊಂಡವರು ತಮ್ಮ ಟಿಪ್ಪಣಿಯನ್ನು ಒಂದು ಕಡೆ ಒಪ್ಪಿಸುವಂತಾಗಲಿ. ಮುಂದಿನ ಸಲ ಹೂಳು ತೆಗೆಯುವವರಿಗೆ ಅದು ಅರ್ಧ ಕೆಲಸ ಮುಗಿಸಿ ಕೊಟ್ಟಂತೆ.

ಹಾಗಾದರೆ ಏನು ಬೇಕು? ಮೊದಲು ಒಂದು ಕೋಣೆ. ಹೊಸ ಭವನ, ಶಿಲಾನ್ಯಾಸ, ಗಾಜಿನ ಮುಖಮಂಟಪ ಯಾವುದೂ ಬೇಡ. ಜಿಲ್ಲಾ ಗ್ರಂಥಾಲಯದಲ್ಲಾಗಲಿ, ನಿಮ್ಮ ಕಚೇರಿಯ ಹಳೆಯ ಯಾವುದಾದರೂ ಕಟ್ಟಡದಲ್ಲಾಗಲಿ, ಸೋರದ, ಗೆದ್ದಲಿಲ್ಲದ, ಕಿಟಕಿಗೆ ಜಾಳಿಗೆ ಇರುವ ಒಂದು ಕೋಣೆ. ನಮ್ಮೂರಿನ ಒಣ ಹವೆ ಕಾಗದಕ್ಕೆ ಒಳ್ಳೆಯದೇ, ಧೂಳೊಂದನ್ನು ತಡೆದರೆ ಆಯಿತು. ಕಬ್ಬಿಣದ ಕಪಾಟು, ಒಂದು ಸ್ಕ್ಯಾನರ್, ಒಬ್ಬ ತರಬೇತಾದ ಸಿಬ್ಬಂದಿ. ಕನ್ನಡದಲ್ಲಿ ಒಂದು ಸೂಚಿ. ಕಟ್ಟಡದ ಹೆಸರು ಹೇಳಿದರೆ ಅದರ ಗಂಟು ಕೈಗೆ ಬರಬೇಕು, ಯಾರು ಕೇಳಿದರೂ ಬರಬೇಕು. ಸೂಚಿ ಇಲ್ಲದ ಕಪಾಟು ರದ್ದಿಗೆ ಹೋಗುವ ದಾರಿಯಲ್ಲಿ ಒಂದು ತಂಗುದಾಣ ಅಷ್ಟೇ. ಇದನ್ನು ನಾನು ಶಾಲೆಯ ದಾಖಲೆಗಳನ್ನು ಮೂವತ್ತು ವರ್ಷ ನೋಡಿಕೊಂಡ ಅನುಭವದಿಂದ ಹೇಳುತ್ತಿದ್ದೇನೆ.

ಎರಡನೆಯದು ನಿಮ್ಮ ಕೈಯಲ್ಲೇ ಇರುವ ಒಂದು ಆದೇಶ. ಈ ಜಿಲ್ಲೆಯಲ್ಲಿ ನೂರು ವರ್ಷ ದಾಟಿದ ಯಾವ ಕಟ್ಟಡಕ್ಕೆ ಸರಕಾರದ ಹಣದಿಂದ ದುರಸ್ತಿಯಾದರೂ, ದಾಖಲೆಯ ಒಂದು ಪ್ರತಿ ಆ ಕೋಣೆಗೆ ಒಪ್ಪಿಸಿದ ರಸೀದಿ ಇಲ್ಲದೆ ಗುತ್ತಿಗೆದಾರರ ಕೊನೆಯ ಬಿಲ್ಲು ಪಾಸಾಗಬಾರದು. ಇಷ್ಟು ಮಾಡಿದರೆ ಉಳಿದದ್ದು ತಾನಾಗಿ ನಡೆಯುತ್ತದೆ. ಕೊನೆಯ ಬಿಲ್ಲಿಗೆ ಇರುವ ಶಕ್ತಿ ಸುತ್ತೋಲೆಗೆ ಇಲ್ಲ, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆ ಪ್ರತಿಯಲ್ಲಿ ಕೆಲಸಕ್ಕೆ ಮುಂಚಿನ ಮತ್ತು ನಂತರದ ಫೋಟೋಗಳು ಇರಲಿ, ಒಂದೇ ಜಾಗದಲ್ಲಿ ನಿಂತು, ಪಕ್ಕದಲ್ಲಿ ಅಳತೆ ಕೋಲು ಇಟ್ಟು ತೆಗೆದಂಥವು. ಗಾರೆಯ ಪಾಕ, ಕಲ್ಲು ತಂದ ಕಣಿ, ತೆಗೆದು ಹಾಕಿದ ಹಳೆಯ ಸಾಮಾನು ಈಗ ಎಲ್ಲಿದೆ ಎಂಬುದು ಇರಲಿ. ಗೌಂಡಿಗಳ ಹೆಸರು ಇರಲೇಬೇಕು. ಎಂಜಿನಿಯರ ಹೆಸರು, ಉದ್ಘಾಟಿಸಿದವರ ಹೆಸರು ಕಲ್ಲಿನ ಮೇಲೆ ಹೇಗೂ ಬರುತ್ತವೆ.

ಮೂರನೆಯದಕ್ಕೆ ತಡ ಮಾಡುವಂತಿಲ್ಲ. ಹಳೇ ಗೌಂಡಿಗಳ ಮಾತನ್ನು ಈ ವರ್ಷವೇ ಧ್ವನಿಮುದ್ರಣ ಮಾಡಿಸಿ. ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಇದ್ದಾರೆ, ಕಾಲೇಜುಗಳ ಇತಿಹಾಸ ವಿಭಾಗಗಳಿವೆ. ಒಬ್ಬ ಮುದುಕರನ್ನು ಅವರು ಕೆಲಸ ಮಾಡಿದ ಗೋಡೆಯ ಮುಂದೆ ಕರೆದೊಯ್ದು ಕೂಡಿಸಿ ಕೇಳಿದರೆ ಅವರ ಕೈಗಳೇ ಮಾತಾಡುತ್ತವೆ. ನಮ್ಮಪ್ಪನನ್ನು ಹಾಗೆ ಕೂಡಿಸುವ ಅವಕಾಶ ತಪ್ಪಿತು, ಇನ್ನೊಬ್ಬರ ಅಪ್ಪನ ವಿಷಯದಲ್ಲಿ ತಪ್ಪದಿರಲಿ. ಹಾಗೆಯೇ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಓದಬಲ್ಲವರು ಬೆರಳೆಣಿಕೆಯಷ್ಟು. ಮುಂಬಯಿ ಕಾಲದ ಎಷ್ಟೋ ಕಾಗದ ಆ ಲಿಪಿಯಲ್ಲಿದೆ. ಇಬ್ಬರು ಮೂವರು ಯುವಕರಿಗೆ ಅದನ್ನು ಕಲಿಸುವ ಏರ್ಪಾಡು ಮಾಡಿದರೆ ಅದು ಸಣ್ಣ ಖರ್ಚು.

ಯುನೆಸ್ಕೋದ ಮಾತನ್ನೂ ಸೇರಿಸುತ್ತೇನೆ. ದಖ್ಖನ್ ಸುಲ್ತಾನರ ಸ್ಮಾರಕಗಳು ಮತ್ತು ಕೋಟೆಗಳು ಎಂಬ ಹೆಸರಿನಲ್ಲಿ ಕಲಬುರಗಿ, ಬೀದರ್, ಹೈದರಾಬಾದುಗಳ ಜೊತೆ ನಮ್ಮೂರೂ 2014ರಿಂದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿದೆ. ಪಟ್ಟದಕಲ್ಲಿಗೆ 1987ರಲ್ಲಿ ಸಿಕ್ಕ ಮಾನ ನಮಗೂ ಸಿಗಲಿ ಎಂದು ಸಭೆಗಳಲ್ಲಿ ಎಲ್ಲರೂ ಹೇಳುತ್ತಾರೆ. ನಾಮನಿರ್ದೇಶನದ ನಮೂನೆಯನ್ನು ಓದಿದವರಿಗೆ ಗೊತ್ತು, ಅದರಲ್ಲಿ ಒಂದು ಅಂಕಣ ಕೇಳುವುದು ಇಷ್ಟನ್ನೇ: ಈ ಜಾಗದ ದಾಖಲೆಗಳನ್ನು ಇಟ್ಟಿರುವ ವಿಳಾಸ ಯಾವುದು?

ಇನ್ನು ಊರಿನ ಬಂಧುಗಳಿಗೆ ಎರಡು ಮಾತು. ನಿಮ್ಮ ಮನೆಯ ಟ್ರಂಕು ತೆಗೆದು ನೋಡಿ. ಮದುವೆಯಾದ ಹೊಸದರಲ್ಲಿ ಬಾರಾ ಕಮಾನಿನ ಮುಂದೆ ನಿಂತು ತೆಗೆಸಿದ ಫೋಟೋ, ಶಾಲೆಯ ಪ್ರವಾಸದ ಫೋಟೋ, ಉಪ್ಪಲಿ ಬುರುಜಿನ ಮೆಟ್ಟಿಲ ಮೇಲೆ ಕೂತ ಅಣ್ಣತಮ್ಮಂದಿರ ಫೋಟೋ ಇದ್ದೇ ಇರುತ್ತದೆ. ನಿಮ್ಮ ಕಣ್ಣು ಮುಖಗಳ ಮೇಲೆ ಹೋಗುತ್ತದೆ. ಒಮ್ಮೆ ಮುಖಗಳ ಹಿಂದೆ ನೋಡಿ. ನನ್ನ ಹತ್ತಿರ ಒಂದು ತರಗತಿಯ ಗುಂಪು ಫೋಟೋ ಇದೆ. ನಲವತ್ತು ಹುಡುಗಿಯರ ತಲೆಯ ಮೇಲೆ ಕಲ್ಲಿನ ಕೈಪಿಡಿ ಗೋಡೆಯ ಒಂದು ಸಾಲು ಕಾಣುತ್ತದೆ, ಎಡಗಡೆ ಎರಡು ಕಂಗುರೆ, ಅಂದರೆ ಗೋಡೆಯ ತುದಿಯ ತೆನೆ, ಮುರಿದಿವೆ. ಇವತ್ತು ಹೋಗಿ ನೋಡಿದರೆ ಅವು ಇಡಿಯಾಗಿವೆ. ನಡುವೆ ಯಾರೋ ಕೂಡಿಸಿದ್ದಾರೆ. ಆ ಫೋಟೋದ ಹಿಂದೆ ವರ್ಷ ಬರೆದಿದ್ದರಿಂದ ಅದು ಈಗ ಒಂದು ಸಾಕ್ಷಿ. ನಿಮ್ಮ ಫೋಟೋಗಳ ಹಿಂದೆಯೂ, ನೆನಪಿರುವಾಗಲೇ, ಪೆನ್ಸಿಲ್ಲಿನಿಂದ ವರ್ಷ ಬರೆಯಿರಿ. ಮೊಬೈಲಿನಲ್ಲಿ ತೆಗೆದದ್ದಾದರೆ ವಾಟ್ಸ್ಆ್ಯಪ್ಪಿನಲ್ಲಿ ಬಿಟ್ಟು ಮರೆಯಬೇಡಿ, ಅಲ್ಲಿ ಅದು ಮಸುಕಾಗುತ್ತದೆ, ಫೋನು ಬದಲಿಸಿದ ದಿನ ಇಲ್ಲವಾಗುತ್ತದೆ. ಮೂಲ ಫೋಟೋ ಎತ್ತಿಡಿ. ಮನೆಯ ವಾಡೆ ಕೆಡವುವುದು ಅನಿವಾರ್ಯವಾದರೆ ಕೆಡವಿ, ನಿಮ್ಮ ಮನೆ ನಿಮ್ಮದು. ಕೆಡವುವ ಮುನ್ನ ಒಂದು ದಿನ ಕಾದು ಅಳತೆ ತೆಗೆಸಿ.

ಒಬ್ಬರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಈ ಊರು ಬೇರೆ ಕಡೆ ನೋಡಬೇಕಿಲ್ಲ. ಫ.ಗು. ಹಳಕಟ್ಟಿಯವರು ಇಲ್ಲೇ ವಕೀಲಿಕೆ ಮಾಡುತ್ತ, ಮನೆಮನೆಯ ಜಗುಲಿಯ ಮೇಲೆ ಪೂಜೆಗೊಳ್ಳುತ್ತ ಹುಳ ತಿನ್ನುತ್ತಿದ್ದ ತಾಳೆಗರಿಗಳನ್ನು ಕಾಡಿ ಬೇಡಿ ತಂದು ವಚನಗಳನ್ನು ಅಚ್ಚು ಮಾಡಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಅವರು ತರದೆ ಹೋಗಿದ್ದರೆ ಆ ಗರಿಗಳಿಗೂ ಒಲೆಯೋ ಹೊಳೆಯೋ ಗತಿಯಾಗುತ್ತಿತ್ತು.

ಸಾಹೇಬರೇ, ರದ್ದಿ ಅಂಗಡಿಯಿಂದ ತಂದ ಗಂಟನ್ನು ನಾನು ಬಿಚ್ಚಿ, ಧೂಳು ಝಾಡಿಸಿ, ಹಾಳೆ ಹಾಳೆಗೆ ನಂಬರು ಹಾಕಿ ಹೊಸ ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೇನೆ. ಒಟ್ಟು 63 ಹಾಳೆಗಳಿವೆ. ಕೆಂಪು ಸುತ್ತು ಹಾಕಿದ ನಕ್ಷೆ ಮೇಲಿದೆ, ಹೆಬ್ಬೆಟ್ಟಿನ ಹಾಜರಿ ಪಟ್ಟಿ ಅದರ ಕೆಳಗಿದೆ. ಅಪ್ಪನ ಡೈರಿಯನ್ನೂ, ನಲವತ್ತು ಹುಡುಗಿಯರ ಫೋಟೋವನ್ನೂ ಜೊತೆಗೆ ಇಟ್ಟಿದ್ದೇನೆ. ಇವೆಲ್ಲವನ್ನೂ ಸರಕಾರಕ್ಕೆ ಒಪ್ಪಿಸಿ ರಸೀದಿ ಪಡೆಯಬೇಕೆಂದಿದ್ದೇನೆ. ಯಾವ ದಿನ, ಯಾವ ಕೋಣೆಗೆ ತರಬೇಕು ಎಂದು ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಗೌಂಡಿಯೊಬ್ಬರ ಮಗಳು, ನಿವೃತ್ತ ಶಿಕ್ಷಕಿ
ವಿಜಯಪುರ